ಮೊದಲು ಊರು, ಆಮೇಲೆ ರಾಕ್ಷಸ

ರಾಕ್ಷಸ ಬೇಟೆಯ ಕ್ಯಾಂಪೇನ್ ನಡೆಸಲು ಹೊರಟ ಗೇಮ್ ಮಾಸ್ಟರ್‌ಗಳಲ್ಲಿ ಹೆಚ್ಚಿನವರು ಮೊದಲು ಕೈಗೆತ್ತಿಕೊಳ್ಳುವುದು ರಾಕ್ಷಸರ ಪಟ್ಟಿಯನ್ನು. ಯಾವುದಕ್ಕೆ ಎಷ್ಟು ಬಲ, ಯಾವುದರ ಉಗುರಲ್ಲಿ ವಿಷ, ಯಾವುದು ಬೆಂಕಿಗೆ ಹೆದರುತ್ತದೆ ಎಂದು ಹುಡುಕಿ ಒಂದನ್ನು ಆರಿಸುತ್ತಾರೆ. ಅದಕ್ಕೊಂದು ಗುಹೆ ತೋಡಿ ಆಟಗಾರರನ್ನು ಒಳಗೆ ಕಳಿಸುತ್ತಾರೆ. ಮೇಜಿನ ಸುತ್ತ ಕೂತು ಆಡುವ ಈ ರೋಲ್ ಪ್ಲೇಯಿಂಗ್ ಆಟದಲ್ಲಿ ಗೇಮ್ ಮಾಸ್ಟರ್ ಎಂಬ ಒಬ್ಬರು ಲೋಕವನ್ನು ಕಟ್ಟಿ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರವಾಗಿ ಅದರೊಳಗೆ ಓಡಾಡುತ್ತಾರೆ. ಏನಾಗುತ್ತದೋ ಎಂಬ ಅನುಮಾನವಿದ್ದ ಕಡೆ ದಾಳ ತೀರ್ಮಾನಿಸುತ್ತದೆ. ಹಲವು ಸೆಷನ್‌ಗಳ, ಅಂದರೆ ಕೂಟಗಳ, ಉದ್ದಕ್ಕೂ ಸಾಗುವ ಕತೆಗೆ ಕ್ಯಾಂಪೇನ್ ಎನ್ನುತ್ತಾರೆ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅವರ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಈ ಬಗೆಯ ಆಟಕ್ಕೆ ದಾರಿ ತೆರೆಯಿತು. 1977ರಲ್ಲಿ ಅದಕ್ಕೆ ‘ಮಾನ್‌ಸ್ಟರ್ ಮ್ಯಾನ್ಯುಯಲ್’ ಎಂಬ ದಪ್ಪ ಪಟ್ಟಿಯೂ ಸೇರಿತು. ಆ ಪುಸ್ತಕದ ಮೇಲೆ ನನಗೆ ಗೌರವವಿದೆ. ಆದರೆ ಬೇಟೆಯ ಕ್ಯಾಂಪೇನ್ ತಿಂಗಳುಗಟ್ಟಲೆ ಬಾಳಬೇಕಿದ್ದರೆ ಮೊದಲು ಕಟ್ಟಬೇಕಾದದ್ದು ಊರನ್ನು ಎಂಬುದು ನನ್ನ ವಾದ. ಊರಿನವರು ಯಾಕೆ ಹೆದರಿದ್ದಾರೆ, ಹೆದರಿಕೊಂಡೇ ಹೇಗೆ ಬದುಕುತ್ತಿದ್ದಾರೆ, ಆ ಭಯದಿಂದ ಯಾರಿಗೆ ಅನುಕೂಲ ಎಂಬುದು ತಿಳಿದರೆ ಅದಕ್ಕೆ ತಕ್ಕ ರಾಕ್ಷಸ ತಾನಾಗಿ ಬಂದು ಸೇರುತ್ತದೆ.

ನಮಗೆಲ್ಲ ಗೊತ್ತಿರುವ ಬೇಟೆಯ ಕತೆಯಿಂದಲೇ ಶುರುಮಾಡೋಣ. ಬಕಾಸುರನ ಪ್ರಸಂಗವನ್ನು ಮಕ್ಕಳಿಗೆ ಹೇಳುವಾಗ ನಾವು ಭೀಮನ ಊಟಕ್ಕೂ ಗುದ್ದಾಟಕ್ಕೂ ಧಾವಿಸುತ್ತೇವೆ. ಸಂಸ್ಕೃತ ಮಹಾಭಾರತದ ಆದಿಪರ್ವದಲ್ಲಾದರೋ ಕಾಳಗಕ್ಕಿಂತ ಹೆಚ್ಚು ಜಾಗ ಸಿಕ್ಕಿರುವುದು ಒಂದು ಮನೆಯ ಅಳುವಿಗೆ. ಆ ಅಳು ಕುಂತಿಯ ಕಿವಿಗೆ ಬೀಳುತ್ತದೆ, ಅವಳು ವಿಚಾರಿಸುತ್ತಾಳೆ, ಆಗ ಏಕಚಕ್ರ ಎಂಬ ಊರಿನ ಒಪ್ಪಂದ ಹೊರಬರುತ್ತದೆ: ಒಂದು ಬಂಡಿ ಅನ್ನ, ಎರಡು ಕೋಣ, ಅವನ್ನು ಒಯ್ಯುವ ಒಬ್ಬ ಮನುಷ್ಯ, ಸರದಿಯಂತೆ ಮನೆಮನೆಗೂ ಈ ಪಾಳಿ. ಇದಕ್ಕೆ ಪ್ರತಿಯಾಗಿ ಬಕ ಊರನ್ನು ಹೊರಗಿನ ಶತ್ರುಗಳಿಂದ ಕಾಯುತ್ತಾನೆ, ಏಕೆಂದರೆ ಕಾಯಬೇಕಾದ ರಾಜ ಕೈಲಾಗದವನು. ಗೇಮ್ ಮಾಸ್ಟರ್‌ಗೆ ಬೇಕಾದದ್ದೆಲ್ಲ ಇಲ್ಲಿದೆ: ಕತೆಯೊಳಗೆ ಕರೆಯುವ ದನಿ, ಪ್ರಶ್ನೆ ಕೇಳುವವಳು, ನಾಳೆಯೇ ಮುಗಿಯುವ ಗಡುವು, ಹೊಣೆ ಮರೆತ ಅರಸ. ಬಕನ ತೋಳಿನಲ್ಲಿ ಎಷ್ಟು ಬಲ ಎಂಬ ಲೆಕ್ಕ ಇವುಗಳ ಮುಂದೆ ಚಿಕ್ಕದು. ಅವನು ಸತ್ತ ಮೇಲೆ ಊರನ್ನು ಕಾಯುವವರು ಯಾರು ಎಂಬ ಪ್ರಶ್ನೆಯಂತೂ ಮುಂದಿನ ನಾಲ್ಕು ಸೆಷನ್‌ಗಳಿಗೆ ಸಾಕು.

ಪುರಾಣದ ಮಾತು ಬೇಡ ಎನ್ನುವವರಿಗೆ ಇತಿಹಾಸವೂ ಇದನ್ನೇ ಹೇಳುತ್ತದೆ. 1764ರಿಂದ 1767ರವರೆಗೆ ಫ್ರಾನ್ಸಿನ ಜೆವೊದಾನ್ ಎಂಬ ಗುಡ್ಡಗಾಡಿನಲ್ಲಿ ಒಂದು ಮೃಗ ಸುಮಾರು ನೂರು ಜನರನ್ನು ಕೊಂದಿತು. ದನ ಕಾಯಲು ಹೋದ ಮಕ್ಕಳೂ ಹೆಂಗಸರೂ ಅದಕ್ಕೆ ಹೆಚ್ಚಾಗಿ ಬಲಿಯಾದರು. ಸೈನಿಕರು ಬಂದರು, ಹೆಸರಾಂತ ತೋಳ ಬೇಟೆಗಾರರು ಬಂದರು, ಕೊನೆಗೆ ಹದಿನೈದನೆಯ ಲೂಯಿ ತನ್ನ ಆಸ್ಥಾನದ ಫ್ರಾಂಸ್ವಾ ಆಂತ್ವಾನ್‌ನನ್ನೇ ಕಳಿಸಿದ. 1765ರ ಸೆಪ್ಟೆಂಬರಿನಲ್ಲಿ ಅವನು ಒಂದು ದೊಡ್ಡ ತೋಳವನ್ನು ಹೊಡೆದ; ಅದು ವರ್ಸೈ ಅರಮನೆಗೆ ಹೋಯಿತು, ಅವನಿಗೆ ಬಹುಮಾನ ಸಿಕ್ಕಿತು. ಡಿಸೆಂಬರಿನಲ್ಲಿ ದಾಳಿ ಮತ್ತೆ ಶುರುವಾಯಿತು. ರಾಜಧಾನಿಯ ಲೆಕ್ಕದಲ್ಲಿ ಮೃಗ ಸತ್ತಿತ್ತು, ಊರಿನವರ ಮಕ್ಕಳು ಸಾಯುತ್ತಲೇ ಇದ್ದರು. 1767ರ ಜೂನ್‌ನಲ್ಲಿ ಝಾನ್ ಶಾಸ್ತೆಲ್ ಎಂಬ ಸ್ಥಳೀಯ ಇನ್ನೊಂದು ಮೃಗವನ್ನು ಕೊಂದ ಮೇಲಷ್ಟೇ ದಾಳಿ ನಿಂತಿತು. ಅದು ಎಂಥ ಪ್ರಾಣಿ ಎಂಬ ಚರ್ಚೆ ಇಂದಿಗೂ ಇದೆ. ಆಟಕ್ಕೆ ಬೇಕಾದದ್ದು ಆ ಚರ್ಚೆಯ ಉತ್ತರವಲ್ಲ. ಗೆದ್ದೆವೆಂದು ಘೋಷಿಸಿದ ಅಧಿಕಾರ ಮತ್ತೆ ಸಹಾಯಕ್ಕೆ ಬರಲು ಹಿಂಜರಿಯುವ ಆ ಚಳಿಗಾಲವನ್ನು ಯಾವ ರಾಕ್ಷಸರ ಪಟ್ಟಿಯೂ ಕೊಡಲಾರದು.

ರಾಕ್ಷಸ ಎಲ್ಲಿಂದ ಬಂತು ಎಂಬ ಪ್ರಶ್ನೆಗೂ ಊರೇ ಉತ್ತರಿಸಬೇಕು. 1918ರಿಂದ 1926ರವರೆಗೆ ರುದ್ರಪ್ರಯಾಗದ ಚಿರತೆ ಕೇದಾರ–ಬದರಿಯ ಯಾತ್ರಾ ದಾರಿಯ ಆಸುಪಾಸಿನಲ್ಲಿ ಸರ್ಕಾರಿ ಲೆಕ್ಕದಂತೆ 125 ಮಂದಿಯನ್ನು ಕೊಂದಿತು. ಅದು ನರಭಕ್ಷಕವಾದದ್ದಕ್ಕೆ ಅದರ ಬೆನ್ನುಹತ್ತಿದ ಬೇಟೆಗಾರ ಜಿಮ್ ಕಾರ್ಬೆಟ್ ಕೊಡುವ ಕಾರಣ 1918ರ ಇನ್‌ಫ್ಲುಯೆಂಜಾ. ಸಾವುಗಳು ಮಿತಿಮೀರಿದಾಗ ಶವಗಳನ್ನು ಸುಡಲಾಗದೆ, ಬಾಯಿಗೆ ಕೆಂಡವಿಟ್ಟು ಕಣಿವೆಗೆ ತಳ್ಳಿದರು. ಚಿರತೆಗೆ ಮನುಷ್ಯ ಮಾಂಸದ ರುಚಿ ಹತ್ತಿದ್ದು ಹಾಗೆ ಎನ್ನುತ್ತಾರೆ ಅವರು. ಬೇಟೆಗಾರ ಬೆನ್ನುಹತ್ತಿದ್ದು ಚಿರತೆಯನ್ನು; ಹೆಜ್ಜೆಗುರುತು ಹಿಂದಕ್ಕೆ ಒಯ್ದು ನಿಲ್ಲಿಸಿದ್ದು ಸಾಂಕ್ರಾಮಿಕ ರೋಗದ ಮುಂದೆ. ಈ ಬಗೆಯ ಬರಹದಲ್ಲಿ ಕನ್ನಡ ಓದುಗರು ಅದೃಷ್ಟವಂತರು. ರುದ್ರಪ್ರಯಾಗದ ಕತೆಯನ್ನೂ, ಬೆಂಗಳೂರಿನ ಕೆನೆತ್ ಆಂಡರ್ಸನ್‌ರ ಬೇಟೆಯ ಅನುಭವಗಳನ್ನೂ ಪೂರ್ಣಚಂದ್ರ ತೇಜಸ್ವಿ ನಮ್ಮ ನುಡಿಗೆ ತಂದಿದ್ದಾರೆ. ಕ್ಯಾಂಪೇನ್‌ಗೆ ಸ್ಫೂರ್ತಿ ಹುಡುಕುವವರು ಅವನ್ನು ಗುಂಡು ಹಾರಿದ ಕ್ಷಣಕ್ಕಾಗಿ ಓದಬಾರದು. ಕತ್ತಲಾದ ಮೇಲೆ ಬಾಗಿಲು ತೆರೆಯದ ಹಳ್ಳಿ, ಒಬ್ಬರಿಗೊಬ್ಬರು ಒಪ್ಪದ ಸಾಕ್ಷಿಗಳು, ಗುರುತು ಅಳಿಸುವ ಮಳೆ, ಬೇಟೆಗಾರನನ್ನೂ ನಂಬದ ಜನ ಇವುಗಳನ್ನು ಗುರುತುಹಾಕಿಕೊಳ್ಳಬೇಕು.

ಕೆಲವೊಮ್ಮೆ ಭಯವಿರುತ್ತದೆ, ಬೇಟೆಯೂ ನಡೆಯುತ್ತದೆ, ರಾಕ್ಷಸ ಮಾತ್ರ ಇರುವುದಿಲ್ಲ. ಅಮೆರಿಕದ ರೋಡ್ ಐಲೆಂಡಿನ ಎಕ್ಸಿಟರ್‌ನಲ್ಲಿ ಒಂದೇ ಮನೆಯ ತಾಯಿ, ಮಗಳು ಕ್ಷಯದಿಂದ ತೀರಿಕೊಂಡರು. 1892ರ ಜನವರಿಯಲ್ಲಿ ಇನ್ನೊಬ್ಬ ಮಗಳು ಮರ್ಸಿ ಬ್ರೌನ್ ಸತ್ತಳು, ಮಗ ಎಡ್ವಿನ್ ಹಾಸಿಗೆ ಹಿಡಿದಿದ್ದ. ಸತ್ತವರಲ್ಲಿ ಒಬ್ಬರು ಬದುಕಿದ್ದವರ ಜೀವ ಹೀರುತ್ತಿದ್ದಾರೆ ಎಂದು ನೆರೆಯವರು ಮಾರ್ಚ್‌ನಲ್ಲಿ ಗೋರಿಗಳನ್ನು ಅಗೆಸಿದರು. ಮರ್ಸಿಯ ದೇಹ ಕೊಳೆತಿರಲಿಲ್ಲ. ಅವಳ ಹೃದಯವನ್ನು ಸುಟ್ಟು ಬೂದಿಯನ್ನು ಎಡ್ವಿನ್‌ಗೆ ಕುಡಿಸಿದರು; ಎರಡು ತಿಂಗಳಲ್ಲಿ ಅವನೂ ಹೋದ. ರಾಬರ್ಟ್ ಕಾಕ್ ಕ್ಷಯದ ರೋಗಾಣುವನ್ನು ತೋರಿಸಿ ಆಗಲೇ ಹತ್ತು ವರ್ಷವಾಗಿತ್ತು. ಕ್ಯಾಂಪೇನ್‌ನಲ್ಲಿ ಒಂದಾದರೂ ಪ್ರಕರಣ ಹೀಗಿರಬೇಕು. ಬೇಟೆಗಾರರೂ ತಪ್ಪು ಮಾಡಬಹುದು ಎಂದು ಆಟಗಾರರಿಗೆ ಗೊತ್ತಾದ ಮೇಲೆ ಅವರು ಪ್ರತಿ ಸುಳಿವನ್ನೂ ಎರಡು ಸಲ ನೋಡುತ್ತಾರೆ.

ಒಳ್ಳೆಯ ಆಟಗಳ ನಿಯಮಗಳೂ ಈ ದಿಕ್ಕಿಗೇ ಬಂದಿವೆ. 2020ರಲ್ಲಿ ಬಂದ ಸ್ವೀಡನ್ನಿನ ‘ವೇಸೆನ್’ ಹತ್ತೊಂಬತ್ತನೆಯ ಶತಮಾನದ ಉತ್ತರ ಯುರೋಪಿನಲ್ಲಿ ನಡೆಯುತ್ತದೆ. ಅಲ್ಲಿನ ಜನಪದ ಜೀವಿಗಳನ್ನು ಕತ್ತಿ, ಬಂದೂಕಿನಿಂದ ಮುಗಿಸಲಾಗದು. ಅವು ಯಾಕೆ ಕೆರಳಿದವು ಎಂದು ತಿಳಿದು, ತಕ್ಕ ಆಚರಣೆಯನ್ನು ಹುಡುಕಬೇಕು. ಮೈಕೆಲ್ ಸ್ಯಾಂಡ್ಸ್ ರೂಪಿಸಿದ ‘ಮಾನ್‌ಸ್ಟರ್ ಆಫ್ ದ ವೀಕ್’ನಲ್ಲಿ ಬೇಟೆಗಾರರು ಸುಮ್ಮನಿದ್ದರೆ ಏನೇನು ನಡೆಯುತ್ತದೆ ಎಂದು ಆರು ಹಂತಗಳಲ್ಲಿ ಮೊದಲೇ ಬರೆದಿಡುತ್ತಾರೆ. ಅದು ರಾಕ್ಷಸನ ದಿನಚರಿಯಷ್ಟೇ ಊರಿನ ಭವಿಷ್ಯವೂ ಹೌದು. ‘ಟ್ರೇಲ್ ಆಫ್ ಕ್ತುಲು’ ಆಟ ಇನ್ನೂ ಮುಂದೆ ಹೋಗಿ, ಕತೆಗೆ ಅತ್ಯಗತ್ಯವಾದ ಸುಳಿವನ್ನು ದಾಳದ ಕೈಗೆ ಬಿಡುವುದಿಲ್ಲ. ಸರಿಯಾದ ಜಾಗದಲ್ಲಿ ಸರಿಯಾದ ಪರಿಣತಿಯಿಂದ ಹುಡುಕಿದವರಿಗೆ ಅದು ಸಿಕ್ಕೇ ಸಿಗುತ್ತದೆ. ಯಾವ ತೀರ್ಮಾನಕ್ಕೂ ಕನಿಷ್ಠ ಮೂರು ಸುಳಿವು ಇಡಬೇಕೆಂಬ ಜಸ್ಟಿನ್ ಅಲೆಕ್ಸಾಂಡರ್ ಅವರ ಸೂತ್ರ ಗೇಮ್ ಮಾಸ್ಟರ್‌ಗಳಲ್ಲಿ ಪ್ರಸಿದ್ಧ. ಖಾಲಿ ಗುಹೆಯಲ್ಲಿ ಮೂರು ಸುಳಿವು ಹೊಂದಿಸುವುದು ಕಷ್ಟ. ಸೂಲಗಿತ್ತಿ, ಅಂಗಡಿಯವನು, ಶಾಲೆ ಬಿಟ್ಟ ಹುಡುಗ ಇರುವ ಊರಿನಲ್ಲಿ ಸುಳಿವಿಗೆ ಬರವಿಲ್ಲ.

ಆಟಗಾರರು ಬಂದದ್ದು ಹೊಡೆದಾಡಲು, ಊರಿನ ಸಮಾಚಾರ ಕೇಳಲು ಅಲ್ಲ ಎಂಬ ಆಕ್ಷೇಪ ನ್ಯಾಯವಾದದ್ದು. ಮೂರು ತಾಸು ವಿಚಾರಣೆ ನಡೆದು ಒಂದು ಏಟೂ ಬೀಳದಿದ್ದರೆ ಬೇಸರ ಸಹಜ. ಆದರೆ ಊರು ಕಟ್ಟುವುದೆಂದರೆ ಕಾಳಗವನ್ನು ಕಿತ್ತುಹಾಕುವುದಲ್ಲ, ಕಾಳಗಕ್ಕೆ ಬೆಲೆ ಕೊಡುವುದು. ಕೊಟ್ಟಿಗೆಯ ಪಕ್ಕದಲ್ಲಿ ತಮಗೆ ಗಂಜಿ ಹಾಕಿದ ಮುದುಕಿ ಇದ್ದಾಳೆ ಎಂದು ಗೊತ್ತಿದ್ದಾಗ ಬೆಂಕಿಯ ಮಂತ್ರ ಹಾಕಲು ಆಟಗಾರ ಯೋಚಿಸುತ್ತಾನೆ; ಆ ಯೋಚನೆಯೇ ಹೋರಾಟದ ರಸ. ಇಷ್ಟು ತಯಾರಿಗೆ ಸಮಯವೆಲ್ಲಿ ಎಂಬ ಮಾತಿಗೂ ಉತ್ತರವಿದೆ: ರಾಕ್ಷಸ ಸತ್ತರೆ ಅದಕ್ಕೆ ಪಟ್ಟ ಶ್ರಮ ಅಂದೇ ಮುಗಿಯಿತು, ಊರಿಗೆ ಪಟ್ಟ ಶ್ರಮ ಮುಂದಿನ ಪ್ರಕರಣಕ್ಕೂ ಬರುತ್ತದೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಆಳದ್ದು: ನಿಜವಾದ ಸಾವುನೋವನ್ನು, ಜೀವಂತ ನಂಬಿಕೆಯನ್ನು ಆಟದ ಸರಕು ಮಾಡಬಹುದೇ? ಇಲ್ಲಿ ಗೆರೆ ಎಳೆಯಲೇಬೇಕು. ತುಳುನಾಡಿನ ಪಂಜುರ್ಲಿ, ಗುಳಿಗ ಬೇಟೆಯ ಮೃಗಗಳಲ್ಲ. ಅವು ಇಂದಿಗೂ ಕೋಲ ಪಡೆಯುವ, ಜನ ನ್ಯಾಯ ಕೇಳುವ ದೈವಗಳು. ಅವನ್ನು ಕೊಲ್ಲಬೇಕಾದ ಶತ್ರುವಿನ ಜಾಗದಲ್ಲಿ ನಿಲ್ಲಿಸುವುದು ತಪ್ಪು. ಹಾಗೆಯೇ ನಿಜವಾಗಿ ನೊಂದ ಮನೆಗಳ ಹೆಸರುಗಳನ್ನು ಮೇಜಿಗೆ ತರಬೇಕಾಗಿಲ್ಲ. ಎರವಲು ಪಡೆಯಬೇಕಾದದ್ದು ಭಯದ ರಚನೆಯನ್ನು. 1990ರ ದಶಕದಲ್ಲಿ ಕರ್ನಾಟಕದ ಎಷ್ಟೋ ಮನೆಗಳ ಬಾಗಿಲ ಮೇಲೆ ‘ನಾಳೆ ಬಾ’ ಎಂಬ ಬರಹ ಕಾಣಿಸಿತ್ತು. ಬಾಗಿಲು ಬಡಿಯುವ ದೆವ್ವದ ರೂಪ ಊರಿಂದೂರಿಗೆ ಬದಲಾದರೂ ಬರಹ ಹರಡಿತು. ಹೊಸ ಊರಿಗೆ ಕಾಲಿಟ್ಟ ಬೇಟೆಗಾರರಿಗೆ ಒಂದು ಬೀದಿಯ ಎಲ್ಲ ಬಾಗಿಲ ಮೇಲೂ ಒಂದೇ ಬರಹ ಕಂಡು, ಒಂದು ಮನೆಯಲ್ಲಿ ಮಾತ್ರ ಕಾಣದಿದ್ದರೆ, ಯಾರ ಮನಸ್ಸೂ ನೋಯದೆ ಕತೆ ಶುರುವಾಯಿತು.

ಆದ್ದರಿಂದ ಮುಂದಿನ ಕ್ಯಾಂಪೇನ್‌ಗೆ ಕೂರುವ ಗೇಮ್ ಮಾಸ್ಟರ್ ರಾಕ್ಷಸರ ಪಟ್ಟಿಯನ್ನು ಸ್ವಲ್ಪ ಹೊತ್ತು ಬದಿಗಿಟ್ಟು ಐದು ಸಂಗತಿ ಬರೆದುಕೊಳ್ಳಲಿ: ಊರು ಯಾವ ಕಷ್ಟದಿಂದ ಈಗಷ್ಟೇ ಎದ್ದಿದೆ, ಭಯದೊಂದಿಗೆ ಅದು ಮಾಡಿಕೊಂಡಿರುವ ಒಪ್ಪಂದವೇನು, ಅದರ ಬೆಲೆ ತೆರುವವರು ಯಾರು, ಉಳಿಸಿಕೊಳ್ಳಲು ಬಯಸುವವರು ಯಾರು, ಬೇಟೆಗಾರರು ಬರದಿದ್ದರೆ ಹುಣ್ಣಿಮೆಯೊಳಗೆ ಏನಾಗುತ್ತದೆ. ಪಟ್ಟಿಯನ್ನು ಆಮೇಲೆ ತೆರೆಯಲಿ. ಆಗ ಆರಿಸಿದ ರಾಕ್ಷಸ ಸಾಮಾನ್ಯ ತೋಳವಾದರೂ ಆಟಗಾರರು ಅದನ್ನು ಮರೆಯುವುದಿಲ್ಲ, ಏಕೆಂದರೆ ಅದನ್ನು ಕೊಲ್ಲುವುದೋ ಬಿಡುವುದೋ ಎಂಬ ತೀರ್ಮಾನದಲ್ಲಿ ಒಂದು ಇಡೀ ಊರಿನ ಬದುಕು ಅವರ ಕೈಯಲ್ಲಿರುತ್ತದೆ.