ಸೂಚಿಯಲ್ಲಿ ಅಭಾವದ ನಿರ್ದೇಶ

ಹಲಸೂರಿಗೆ ಸಮೀಪದ ದೊಮ್ಮಲೂರಿನ ಚೊಕ್ಕನಾಥ ದೇವಾಲಯದ ಶಾಸನಗಳು ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾ 9ನೆಯ ಸಂಪುಟದಲ್ಲಿ (1905) ಅಚ್ಚಾಗಿವೆ. ಆ ಸಂಪುಟಗಳಲ್ಲಿ ಕಲ್ಲು ಒಡೆದು ಅಕ್ಷರ ಅಳಿದ ಎಡೆಗಳಲ್ಲಿ ಚುಕ್ಕಿಗಳನ್ನಿಡುವುದು ರೂಢಿ. ಇಲ್ಲಿ ಬರಹವಿತ್ತು, ಈಗಿಲ್ಲ ಎಂಬುದು ಓದುಗನಿಗೆ ಅಷ್ಟರಿಂದಲೇ ತಿಳಿಯುತ್ತದೆ. ಶಾಸನಗಳ ಜೊತೆಗೆ ಓಲೆಗರಿಯ ಪ್ರತಿಗಳ ಸೂಚಿಯೂ ಗಣಕಯಂತ್ರಕ್ಕೆ ಏರುತ್ತಿರುವ ಈ ಕಾಲದಲ್ಲಿ, ಆ ಚುಕ್ಕಿಗಳ ಸ್ಥಾನಕ್ಕೆ ಏನು ಬರುತ್ತಿದೆ ಎಂಬುದು ಪರೀಕ್ಷಾರ್ಹ.

ಮಾಹಿತಿಯಿಲ್ಲದ ಅಂಕಣವನ್ನು ತಂತ್ರಾಂಶಗಳು ಬರಿದಾಗಿಯೋ, ಅಡ್ಡಗೆರೆಯಿಂದಲೋ, ಸೊನ್ನೆಯಿಂದಲೋ, 'ನಲ್', 'ಅನ್‌ಡಿಫೈನ್ಡ್' ಎಂಬ ಯಂತ್ರದ ಒಳಮಾತಿನಿಂದಲೋ ತೋರಿಸುತ್ತವೆ. 'ಪತ್ರಸಂಖ್ಯೆ 0' ಎಂದರೆ ಗರಿಗಳನ್ನು ಎಣಿಸಿಲ್ಲವೆಂದಲ್ಲ, ಗರಿಯೇ ಇಲ್ಲವೆಂದಾಗುತ್ತದೆ. ಯುನಿಕ್ಸ್ ಪದ್ಧತಿಯ ಕಾಲಗಣನೆ 1970ರ ಜನವರಿ 1ರಿಂದ ಮೊದಲಾಗುವುದರಿಂದ, ತೇದಿಯ ಅಂಕಣದಲ್ಲಿ ಸೊನ್ನೆ ಉಳಿದರೆ ಪ್ರಾಚೀನ ಪ್ರತಿಯೂ 1970ರದಾಗಬಹುದು! ಈ ತಪ್ಪು ಹಾಸ್ಯಾಸ್ಪದವಾದ್ದರಿಂದ ಬೇಗ ಸಿಕ್ಕಿಬೀಳುತ್ತದೆ. ಬರಿದಾದ ಅಂಕಣದ ತಪ್ಪು ಸಿಕ್ಕಿಬೀಳುವುದಿಲ್ಲ. ಲಿಪಿಕಾರನ ಹೆಸರಿಲ್ಲದಿದ್ದರೆ, ಸೂಚಿಕಾರ ಕೊನೆಯ ಗರಿಯನ್ನು ನೋಡಲಿಲ್ಲವೆ? ಗರಿ ಕಳೆದುಹೋಗಿದೆಯೆ? ಲಿಪಿಕಾರನೇ ಹೆಸರು ಬರೆಯಲಿಲ್ಲವೆ? ಮೊದಲನೆಯದಾದರೆ ಭಂಡಾರಕ್ಕೆ ಹೋಗಿ ನೋಡಬೇಕು. ಎರಡನೆಯದಾದರೆ ಕಳಚಿದ ಗರಿ ಬೇರೊಂದು ಕಟ್ಟಿನಲ್ಲಿ ಸೇರಿದೆಯೇ ಎಂದು ಅರಸಬೇಕು. ಮೂರನೆಯದಾದರೆ ಅರಸುವುದೇ ವ್ಯರ್ಥ.

ಪ್ರಾಗಭಾವವನ್ನು ಅಲ್ಲಗಳೆದರೆ ಕಾರ್ಯವು ಅನಾದಿಯಾಗುತ್ತದೆ, ಪ್ರಧ್ವಂಸವನ್ನು ಅಲ್ಲಗಳೆದರೆ ಅನಂತವಾಗುತ್ತದೆ ಎಂದು ಸಮಂತಭದ್ರಾಚಾರ್ಯರು ಆಪ್ತಮೀಮಾಂಸೆಯಲ್ಲಿ ಅಭಾವಗಳನ್ನು ವಿವೇಚಿಸಿದ್ದಾರೆ. ಆ ಗ್ರಂಥದ ಪ್ರತಿಗಳ ಸೂಚಿಯಲ್ಲೇ ಎಲ್ಲ ಅಭಾವಕ್ಕೂ ಒಂದೇ ಅಡ್ಡಗೆರೆ ಎಳೆದರೆ ಅದು ಸೋಜಿಗವೇ ಸರಿ. (ಅದನ್ನು ಅವಕ್ತವ್ಯವೆಂದು ಸಮರ್ಥಿಸಲೂ ಬಾರದು, ಅವಕ್ತವ್ಯವೆಂದರೆ ಹೇಳಲು ಮರೆತದ್ದಲ್ಲ.)

ಕಾಲನಿರ್ದೇಶದ ತೊಡಕು ಇನ್ನೂ ಸೂಕ್ಷ್ಮ. ಪುಷ್ಪಿಕೆಯಲ್ಲಿ ಶಕವರ್ಷವಿಲ್ಲದೆ ಪ್ರಮಾದಿ ಸಂವತ್ಸರವೆಂದಷ್ಟೇ ಇದ್ದರೆ ಕಾಲವು ಪೂರ್ಣ ಅಜ್ಞಾತವಲ್ಲ. 60 ವರ್ಷಗಳಿಗೊಮ್ಮೆ ಮರಳುವ ವರ್ಷಗಳಲ್ಲಿ ಒಂದು. ಒಂದೇ ಇಸವಿಯನ್ನು ಬೇಡುವ ಅಂಕಣವು ಸೂಚಿಕಾರನನ್ನು ಊಹೆಗೋ ಮೌನಕ್ಕೋ ತಳ್ಳುತ್ತದೆ. ಊಹಿಸಿದ ಇಸವಿಯನ್ನು ಮುಂದಿನವರು ಪ್ರಮಾಣವೆಂದೇ ಉಲ್ಲೇಖಿಸುತ್ತಾರೆ.

ಪಠ್ಯಗಳನ್ನು ಗಣಕಕ್ಕೆ ಅಳವಡಿಸುವ ಟಿ.ಇ.ಐ. ಪದ್ಧತಿಯಲ್ಲಿ ಲೋಪದೊಡನೆ ಅದರ ಕಾರಣವನ್ನೂ ಪ್ರಮಾಣವನ್ನೂ ದಾಖಲಿಸಲು ಅವಕಾಶವಿದೆ. ಆ ವಿವರ ಕಡತದೊಳಗೆ ಅಡಗಿರದೆ ತೆರೆಯ ಮೇಲೂ ಕಾಣಬೇಕು: 'ನೋಡಿಲ್ಲ', 'ಗರಿ ನಷ್ಟ', 'ಪ್ರತಿಯಲ್ಲಿ ಹೇಳಿಲ್ಲ', 'ಪ್ರಮಾದಿ, ಶಕವರ್ಷವಿಲ್ಲ'. ಅಂಕಣ ತುಸು ಅಗಲವಾಗುತ್ತದೆ, ನಿಜ.