ಹೊಗೆಯಿಲ್ಲದ ಅರವತ್ತು ಅಡಿ

ಡ್ರ್ಯಾಗ್ ರೇಸ್ ಎಂದರೆ ಕಿವಿಗಡಚಿಕ್ಕುವ ಸದ್ದು, ಟೈರಿನಿಂದೇಳುವ ಬಿಳಿ ಹೊಗೆ ಎಂದುಕೊಂಡವರೇ ಹೆಚ್ಚು. ಹೊಗೆಯ ಮೇಲೆ ನನಗೇನೂ ಮುನಿಸಿಲ್ಲ. ಆದರೆ ಅದು ಹಸಿರು ದೀಪ ಹತ್ತುವ ಮೊದಲಷ್ಟೇ ಚೆಂದ. ದೀಪ ಹತ್ತಿದ ಮೇಲೂ ಹೊಗೆ ಎದ್ದಿತೆಂದರೆ ಇಂಜಿನ್ನಿನ ದುಡಿಮೆಯೆಲ್ಲ ಗಾಳಿಪಾಲು. ನನ್ನ ನಾಲಿಗೆಗೆ ಹತ್ತಿದ ರುಚಿ ಹೇಳಬೇಕೆಂದರೆ, ಕಾಲು ಮೈಲಿಯ ಓಟದ ಸವಿಯೆಲ್ಲ ಇರುವುದು ಮೊದಲ ಅರವತ್ತು ಅಡಿಯಲ್ಲಿ. ಅದರಲ್ಲೂ, ಹಿಂದಿನ ಎರಡು ಟೈರುಗಳು ನೆಲವನ್ನು ಕಚ್ಚಿ ಹಿಡಿದು, ಎಳ್ಳಷ್ಟೂ ಜಾರದೆ, ಕಾರನ್ನು ಮುಂದಕ್ಕೆ ಒಗೆಯುವ ಆ ಮೊದಲ ಗಳಿಗೆಯಲ್ಲಿ.

ಈ ರುಚಿ ಹತ್ತಿದ್ದು ನ್ಯೂಜೆರ್ಸಿಯ ಇಂಗ್ಲಿಷ್‌ಟೌನ್‌ನಲ್ಲಿ. 1965ರಲ್ಲಿ ಶುರುವಾದ ಅಲ್ಲಿನ ರೇಸ್‌ವೇ ಪಾರ್ಕ್ 2018ರ ಜನವರಿಯಲ್ಲಿ ಡ್ರ್ಯಾಗ್ ರೇಸಿಗೆ ಬಾಗಿಲು ಹಾಕಿತು. ನಮ್ಮವರು ಸಾಕಷ್ಟು ಜನ ನೆಲೆಸಿರುವ ಎಡಿಸನ್ ಅಲ್ಲಿಂದ ದೂರವೇನಲ್ಲ. ಆದರೂ ಯುಗಾದಿ ಊಟದ ಪಂಕ್ತಿಯಲ್ಲಿ ಸಿಗುತ್ತಿದ್ದ ಯಾರೊಬ್ಬರೂ ನನಗೆ ಅಲ್ಲಿ ಎದುರಾದದ್ದಿಲ್ಲ. (ಎದುರಾಗಿದ್ದರೆ ಇಬ್ಬರಿಗೂ ಸ್ವಲ್ಪ ಮುಜುಗರವೇ ಆಗುತ್ತಿತ್ತೇನೋ.) ಸಮುದ್ರಮಟ್ಟಕ್ಕೆ ಹತ್ತಿರದ ದಟ್ಟ ಗಾಳಿ, ಅಕ್ಟೋಬರಿನ ತಣ್ಣನೆ ಸಂಜೆ, ಇಂಜಿನ್ನುಗಳಿಗೆ ಅದು ಸುಗ್ಗಿ. ದುಡ್ಡು ಕಟ್ಟಿದರೆ ಯಾರು ಬೇಕಾದರೂ ತಮ್ಮ ಕಾರನ್ನು ಓಡಿಸಿ ನೋಡಬಹುದಾದ ಟೆಸ್ಟ್ ಅಂಡ್ ಟ್ಯೂನ್ ಸಂಜೆಗಳಲ್ಲಿ, ಹಿಂದಿನ ಸೀಟಿನಲ್ಲಿ ಮಗುವಿನ ಕುರ್ಚಿ ಬಿಚ್ಚಿಟ್ಟ ಗುರುತು ಇನ್ನೂ ಮಾಸದ ಕಾರುಗಳು ಸಾಲಾಗಿ ನಿಂತಿರುತ್ತಿದ್ದವು.

ಆ ಸಾಲಿನಲ್ಲಿ ನನ್ನ ಕಣ್ಣು ಹುಡುಕುತ್ತಿದ್ದುದು ಫೋರ್ಡ್ ಕಂಪನಿಯ ಫಾಕ್ಸ್ ಬಾಡಿ ಮಸ್ಟಾಂಗ್. 1979ರಿಂದ 1993ರವರೆಗೆ ಬಂದ ಚೌಕ ಮೋರೆಯ ಹಗುರ ಕಾರು. ಬೆಲೆ ಕಡಿಮೆ, ಬಿಡಿಭಾಗ ಧಾರಾಳ, ಮುಂದೆ ಎಂಟು ಸಿಲಿಂಡರಿನ 5.0 ಲೀಟರ್ ಇಂಜಿನ್. ತೂಕ ಸುಮಾರು 1,450 ಕಿಲೋ. ಅದರಲ್ಲಿ ಹಿಂದಿನ ಗಾಲಿಗಳ ಮೇಲೆ ಕೂರುವುದು ಆರುನೂರು ಚಿಲ್ಲರೆ ಕಿಲೋ ಅಷ್ಟೇ. ಇಂಜಿನ್ನಿನ ತಿರುಚುಬಲ ನಾನೂರು ನ್ಯೂಟನ್ ಮೀಟರ್. ಮೊದಲ ಗೇರಿನ ಅನುಪಾತ 3.35, ರೇಸಿಗೆಂದು ಹಿಂದಿನ ಆಕ್ಸಲ್ಲಿಗೆ ಹಾಕಿಸಿದ 3.73, ಇವೆರಡನ್ನೂ ದಾಟುವ ಹೊತ್ತಿಗೆ ಅದು ಹನ್ನೆರಡೂವರೆ ಪಟ್ಟು ಬೆಳೆದು, ಟೈರಿನ ಅಂಚಿನಲ್ಲಿ ಒಂದೂವರೆ ಟನ್ನಿನಷ್ಟು ನೂಕುಬಲವಾಗುತ್ತದೆ. ಆರುನೂರು ಕಿಲೋ ಭಾರಕ್ಕೆ ಒಂದೂವರೆ ಟನ್ನಿನ ನೂಕು! ಟೈರು ಜಾರದೆ ಇನ್ನೇನು ಮಾಡೀತು? ಬಲವನ್ನು ಅಂಗಡಿಯಲ್ಲಿ ಕೊಳ್ಳಬಹುದು. ಅದನ್ನು ನೆಲಕ್ಕೆ ಮುಟ್ಟಿಸುವುದಕ್ಕೆ ಕೈ ಪಳಗಿರಬೇಕು.

ಟೈರಿನಿಂದಲೇ ಶುರುಮಾಡೋಣ. ಘರ್ಷಣೆ ಎಂದೂ ಭಾರವನ್ನು ಮೀರದು ಎಂದು ನಂಬಿದ್ದ ಕಾಲವೊಂದಿತ್ತು. ಆ ಲೆಕ್ಕದಲ್ಲಿ ಕಾಲು ಮೈಲಿಯನ್ನು ಒಂಬತ್ತು ಸೆಕೆಂಡಿನೊಳಗೆ ಮುಗಿಸಲಾಗದು, ಗಂಟೆಗೆ ಇನ್ನೂರು ಮೈಲಿಯ ವೇಗವೂ ಸಿಗದು. ಆ ಲೆಕ್ಕವನ್ನು ತಲೆಕೆಳಗು ಮಾಡಿದ್ದು ಮೆದು ರಬ್ಬರು. 1964ರಲ್ಲಿ ರೇಸರ್ ಡಾನ್ ಗಾರ್ಲಿಟ್ಸ್ ಇದೇ ನ್ಯೂಜೆರ್ಸಿಯ ಇನ್ನೊಂದು ಡ್ರ್ಯಾಗ್ ಪಟ್ಟಿಯಲ್ಲಿ ಇನ್ನೂರು ಮೈಲಿ ದಾಟಿದಾಗ ಅವರ ಹಿಂಬದಿಯಲ್ಲಿದ್ದದ್ದು ಗೀರುಗಳೇ ಇಲ್ಲದ ನುಣುಪು ಸ್ಲಿಕ್ ಟೈರು. ಮೆದು ರಬ್ಬರು ನೆಲದ ಮೇಲೆ ಸುಮ್ಮನೆ ಕೂರುವುದಿಲ್ಲ, ನೆಲದ ಸಣ್ಣ ಸಣ್ಣ ಒರಟುಗಳೊಳಗೆ ಇಳಿದು ಅವುಗಳ ಆಕಾರ ತಾಳಿ ಅಂಟಿಕೊಳ್ಳುತ್ತದೆ. ರಸ್ತೆಯಲ್ಲೂ ಓಡಿಸಬೇಕೆನ್ನುವವರಿಗೆ ಡ್ರ್ಯಾಗ್ ರೇಡಿಯಲ್ ಇದೆ. ಕಾನೂನಿನ ಮರ್ಯಾದೆಗೆ ನಾಲ್ಕು ಗೀರು, ಮಿಕ್ಕಿದ್ದೆಲ್ಲ ಜಿಗುಟು. ಓಡಿ ಬಂದ ಬಿಸಿ ಟೈರಿಗೆ ಉಗುರು ಒತ್ತಿ ನೋಡಿ, ಅಚ್ಚು ಹಾಗೇ ಕೂರುತ್ತದೆ. ಕೈಯಿಟ್ಟು ಸವರಿದರೆ ಅಂಗೈಗೆ ಸಣ್ಣಗೆ ಕರಿ ಹತ್ತುತ್ತದೆ. ಆ ಕಾದ ರಬ್ಬರಿನ ಕಟು ಪರಿಮಳ ನನಗೆ ಯಾವ ಅತ್ತರಿಗೂ ಕಡಿಮೆಯಲ್ಲ.

ಇನ್ನು ಗಾಳಿ. ರಸ್ತೆಯಲ್ಲಿ 32 ಪಿಎಸ್‌ಐ ಇರುವ ಟೈರನ್ನು ಡ್ರ್ಯಾಗ್ ರೇಡಿಯಲ್ ಆದರೆ ಹದಿನೈದರಿಂದ ಇಪ್ಪತ್ತಕ್ಕೆ, ಸ್ಲಿಕ್ ಆದರೆ ಇನ್ನೂ ಕೆಳಕ್ಕೆ ಇಳಿಸುತ್ತಾರೆ. ಇಳಿಸಿದಷ್ಟೂ ಒಳ್ಳೆಯದೆಂದು ಭಾವಿಸಬೇಡಿ. ತೀರಾ ಇಳಿದರೆ ನಡುಭಾಗ ಮೇಲಕ್ಕೆದ್ದು ಅಂಚುಗಳಷ್ಟೇ ನೆಲ ಮುಟ್ಟುತ್ತವೆ. ಕೊನೆಯ ವೇಗದಲ್ಲಿ ಕಾರು ಹಾವಿನಾಟ ಶುರುಮಾಡುತ್ತದೆ. ಹೆಚ್ಚಾದರೆ ನಡುಭಾಗ ಮಾತ್ರ ಸವೆಯುತ್ತದೆ. ನಾನು ಕಂಡ ಒಬ್ಬ ಹಿರಿಯ, ಎಣ್ಣೆ ಹತ್ತಿದ ಟೋಪಿಯವನು, ಟೈರು ನೆಲದ ಮೇಲೆ ಬಿಟ್ಟ ಕಪ್ಪು ಪಟ್ಟಿಯನ್ನು ಕುಕ್ಕರುಗಾಲಲ್ಲಿ ಕೂತು ನೋಡುತ್ತಿದ್ದ. ಎರಡೂ ಅಂಚು, ನಡು, ಎಲ್ಲ ಒಂದೇ ಕಪ್ಪಾಗಿದೆಯೇ? ಇಲ್ಲದಿದ್ದರೆ ವಾಲ್ವಿನ ಮೇಲೆ ಹೆಬ್ಬೆರಳ ಉಗುರು. ಟುಸ್ಸೆಂದು ಅರ್ಧ ಪಿಎಸ್‌ಐ. ಮತ್ತೆ ಗೇಜು. ಕಛೇರಿಗೆ ಮುನ್ನ ಮೃದಂಗದವರು ಕಲ್ಲಿನಿಂದ ತಟ್ಟಿ, ಕಿವಿಗೊಟ್ಟು, ಮತ್ತೆ ತಟ್ಟುತ್ತಾರಲ್ಲ, ಅದೇ ತಾಳ್ಮೆ, ಅದೇ ಮುಖಭಾವ.

ನೆಲವೂ ಸಾಮಾನ್ಯವಾದದ್ದಲ್ಲ. ಹೊರಡುವ ಜಾಗದಲ್ಲಿ ಅಂಟುದ್ರವ ಸಿಂಪಡಿಸಿ, ಟ್ರ್ಯಾಕ್ಟರಿಗೆ ಕಟ್ಟಿದ ಹಳೆ ಟೈರುಗಳನ್ನು ಎಳೆದಾಡಿಸಿ, ಪದರದ ಮೇಲೆ ಪದರ ರಬ್ಬರು ಬಳಿದಿರುತ್ತಾರೆ. ಅದರ ಮೇಲೆ ನಡೆದರೆ ಚಪ್ಪಲಿ ಅಲ್ಲೇ ಉಳಿದು ಕಾಲು ಮಾತ್ರ ಮುಂದೆ ಬರುತ್ತದೆ. ಸುಡುಬಿಸಿಲಿಗೆ ಅದೇ ಪದರ ಜಿಡ್ಡಾಗುತ್ತದೆ. ಸಂಜೆ ತಣಿದ ಮೇಲೆ ಅದರ ಹಿಡಿತವೇ ಬೇರೆ.

ಬರ್ನೌಟ್ ಎಂಬ ಹೊಗೆಯಾಟದ ಉದ್ದೇಶ ಟೈರನ್ನು ತೊಳೆದು ಕಾಯಿಸುವುದು. ತಿಳಿದವರು ಗೀರುಳ್ಳ ಟೈರನ್ನು ಅದಕ್ಕೆಂದೇ ಇರುವ ನೀರಿನ ಹೊಂಡಕ್ಕೆ ಇಳಿಸುವುದಿಲ್ಲ. ಗೀರು ನೀರನ್ನು ಹೊತ್ತು ತಂದು ಹೊರಡುವ ಗೆರೆಯ ಮೇಲೆ ಸುರಿಯುತ್ತದೆ. ಅವರು ಹೊಂಡವನ್ನು ಸುತ್ತಿಕೊಂಡು ಮುಂದೆ ಹೋಗಿ, ಹಿಂದೆ ಸರಿದು, ಹಿಂಗಾಲಿಯ ಅಂಚಿಗಷ್ಟೇ ತೇವ ತಾಗಿಸುತ್ತಾರೆ. ಮುಂದಿನ ಬ್ರೇಕು ಹಿಡಿದಿಡುವ ಗುಂಡಿ ಒತ್ತಿ ಗಾಲಿ ತಿರುಗಿಸಿ, ಹೊಗೆ ತೆಳ್ಳಗೆ ಕಂಡದ್ದೇ ಸಾಕು ಎಂದು ನಿಲ್ಲಿಸುತ್ತಾರೆ. ಡ್ರ್ಯಾಗ್ ರೇಡಿಯಲ್ಲಿಗೆ ಅಷ್ಟು ಸಾಕು. ಅದಕ್ಕೂ ಮಿಕ್ಕಿದ್ದು ಗ್ಯಾಲರಿಯ ಹುಡುಗರಿಗೆ.

ನನಗೆ ಇನ್ನಿಲ್ಲದ ಖುಷಿ ಕೊಡುವ ಸೂಕ್ಷ್ಮ ಬೇರೊಂದಿದೆ. ಮಸ್ಟಾಂಗ್‌ನಂತಹ ಕಾರಿನಲ್ಲಿ ಇಂಜಿನ್ನಿನ ಬಲವನ್ನು ಹಿಂದಕ್ಕೊಯ್ಯುವ ಉದ್ದದ ಪ್ರೊಪೆಲ್ಲರ್ ಶಾಫ್ಟು ತಿರುಗುವಾಗ ಹಿಂದಿನ ಆಕ್ಸಲ್ಲನ್ನೂ ತಿರುಚುತ್ತದೆ. ಎಡಗಾಲಿ ನೆಲಕ್ಕೊತ್ತಿದರೆ ಬಲಗಾಲಿ ಹಗುರಾಗುತ್ತದೆ. ಡಿಫರೆನ್ಷಿಯಲ್ಲಿನಲ್ಲಿ ಎರಡೂ ಗಾಲಿಯನ್ನು ಜೊತೆಗೆ ಬಿಗಿಹಿಡಿಯುವ ಕ್ಲಚ್ಚುಗಳಿಲ್ಲದಿದ್ದರೆ ಬಲಗಾಲಿಯೊಂದೇ ಸುಮ್ಮನೆ ಗಿರಗಿರ. ಇದಕ್ಕೆ ಮದ್ದು ಬಲಗಡೆಯ ಕಾಯಿಲ್ ಸ್ಪ್ರಿಂಗಿನ ಹೊಟ್ಟೆಯೊಳಗೆ ತೂರಿಸಿದ ಸಣ್ಣ ಗಾಳಿಚೀಲ. ಅದಕ್ಕೆ ನಾಲ್ಕಾರು ಪಿಎಸ್‌ಐ ತುಂಬಿದರೆ ಆ ಮೂಲೆ ಮೊದಲೇ ಭುಜ ಕೊಟ್ಟು ನಿಂತಿರುತ್ತದೆ. ಎಷ್ಟು ಅಗ್ಗ, ಎಷ್ಟು ಜಾಣ!

ಹಿಂಭಾಗ ಕುಸಿದು ಕೂತಷ್ಟೂ ಹಿಡಿತ ಹೆಚ್ಚೆಂದು ಸಾಮಾನ್ಯರ ನಂಬಿಕೆ. ಚೆನ್ನಾಗಿ ಹೊಂದಿಸಿದ ಕಾರನ್ನು ನೋಡಿ, ಹೊರಡುವಾಗ ಅದರ ಹಿಂಭಾಗ ಮೇಲಕ್ಕೇಳುತ್ತದೆ! ಆಕ್ಸಲ್ಲನ್ನು ಹಿಡಿದ ತೋಳುಗಳ ಕೋನ ಸರಿಯಿದ್ದರೆ ಇಂಜಿನ್ನಿನ ನೂಕೇ ಒಡಲನ್ನು ಎತ್ತುತ್ತದೆ, ಎತ್ತಿದ ಬಲದಷ್ಟೇ ಬಲವಾಗಿ ಟೈರನ್ನು ನೆಲಕ್ಕೆ ತುಳಿಯುತ್ತದೆ. ಕಾರ್ಖಾನೆಯಿಂದ ಬಂದ ತೆಳು ತಗಡಿನ ತೋಳು, ಮೆದು ಬುಷ್ಷುಗಳಿದ್ದರೆ ಅವು ಸುತ್ತಿಕೊಂಡು ಬಿಚ್ಚಿಕೊಂಡು ಇಡೀ ಆಕ್ಸಲ್ ದಡದಡ ಕುಣಿಯುತ್ತದೆ. ಅದಕ್ಕೇ ಬಲವಾದ ಪೆಟ್ಟಿಗೆಯಾಕಾರದ ತೋಳು. ಮುಂದೆ ಥಟ್ಟನೆ ಎದ್ದು ನಿಧಾನ ಇಳಿಯುವ ಶಾಕ್ ಅಬ್ಸಾರ್ಬರು. ಮೂಗು ಎದ್ದಂತೆ ಭಾರ ಹಿಂದಕ್ಕೆ ಸರಿಯುತ್ತದೆ. ಬಿಟ್ಟ ಕಲ್ಲು ಬೀಳುವಷ್ಟೇ ತ್ವರೆಯಲ್ಲಿ ಈ ಕಾರು ಮುನ್ನುಗ್ಗಿದರೆ ಸರಿಯುವ ಭಾರ ಸುಮಾರು 280 ಕಿಲೋ.

ಈಗ ಗೆರೆಯ ಪಕ್ಕ ನಿಂತು ಹಿಂಗಾಲಿಯನ್ನಷ್ಟೇ ನೋಡಿ. ಹಳೆ ಮಾದರಿಯ ಬಯಾಸ್ ಪ್ಲೈ ಸ್ಲಿಕ್ ಆದರೆ ಇನ್ನೂ ಸೊಗಸು. ಹಳದಿ, ಹಳದಿ, ಹಳದಿ, ಹಸಿರು. ರಿಮ್ಮು ತಿರುಗಿತು, ಟೈರಿನ ಮೈ ಇನ್ನೂ ನೆಲಕ್ಕೆ ಅಂಟಿಕೊಂಡೇ ಇದೆ. ಅವೆರಡರ ನಡುವಿನ ಪಕ್ಕದ ರಬ್ಬರು ಓರೆಯಾಗಿ ನೆರಿಗೆಗಟ್ಟಿತು, ನೆರಿಗೆ ಆಳವಾಯಿತು, ಮೆತ್ತಗೆ, ದಪ್ಪಗೆ, ಒಂದರ ಮೇಲೊಂದು ಒರಗಿತು. ಗಾಲಿಯ ಕೆಳಗಿನ ಅರ್ಧ ಚಪ್ಪಟೆಯಾಗಿ ಹರಡಿ, ಕ್ಷಣಮಾತ್ರ ಬಲವನ್ನೆಲ್ಲ ನುಂಗಿಕೊಂಡು, ಆಮೇಲೆ ನಿಧಾನವಾಗಿ, ತನ್ನ ಲಯದಲ್ಲಿ, ಅದನ್ನೆಲ್ಲ ನೆಲಕ್ಕೆ ಒಪ್ಪಿಸಿತು. ಕಿರುಚಾಟವಿಲ್ಲ, ಹೊಗೆಯಿಲ್ಲ. ನೀವು ಕಣ್ಣೆತ್ತುವಷ್ಟರಲ್ಲಿ ಕಾರು ಅಲ್ಲಿಲ್ಲ. ರೇಡಿಯಲ್ ಈ ನೆರಿಗೆ ತೋರಿಸುವುದಿಲ್ಲ, ಬರೀ ಕೂತು ಎದ್ದು ಹೋಗುತ್ತದೆ. ಬಹಳ ಸಲ ವೇಗವೂ ಅದರದೇ ಹೆಚ್ಚು. ಆದರೂ ನನ್ನ ಓಟು ಬಯಾಸ್ ಪ್ಲೈಗೆ. ಚೂರು ಜಾರಿದರೂ ಅದು ಸಾವರಿಸಿಕೊಳ್ಳುತ್ತದೆ, ರೇಡಿಯಲ್ ಜಾರಿತೆಂದರೆ ಆ ಓಟ ಮುಗಿದಂತೆಯೇ.

ಓಟದ ನಂತರ ಬೂತಿನಲ್ಲಿ ಕೊಡುವ ಸಮಯದ ಚೀಟಿಯಲ್ಲಿ ಎಲ್ಲರೂ ಕೊನೆಯ ಸಾಲು ನೋಡಿದರೆ ರಸಿಕರು ನೋಡುವುದು ಅರವತ್ತು ಅಡಿಯ ಸಮಯ. ರಸ್ತೆ ಟೈರಿನಲ್ಲಿ 2.2 ಸೆಕೆಂಡಿನ ಆಸುಪಾಸಿನಲ್ಲಿದ್ದ ಕಾರು ಇಷ್ಟೆಲ್ಲ ಆರೈಕೆಯ ನಂತರ 1.8ಕ್ಕೆ ಬಂದರೆ, ಇಂಜಿನ್ನಿನ ಒಂದು ಬೋಲ್ಟನ್ನೂ ಮುಟ್ಟದೆ ಕಾಲು ಮೈಲಿಯ ಕೊನೆಯಲ್ಲಿ ಅರ್ಧ ಸೆಕೆಂಡಿಗೂ ಮಿಗಿಲಾದ ಉಳಿತಾಯ. ಇಲ್ಲಿ ಗಳಿಸಿದ ಒಂದೊಂದು ಹತ್ತನೇ ಪಾಲೂ ಅಲ್ಲಿಗೆ ಹೋಗುವಷ್ಟರಲ್ಲಿ ಒಂದೂವರೆ ಪಟ್ಟಾಗುತ್ತದೆ ಎನ್ನುವುದು ಡ್ರ್ಯಾಗ್ ಪಟ್ಟಿಯವರ ಲೆಕ್ಕ. ಚೀಟಿ ಜೇಬಿಗಿಳಿಸಿ, ಟೈರಿಗೆ ಮತ್ತೆ 32 ಪಿಎಸ್‌ಐ ತುಂಬಿಸಿ ಮನೆಯ ದಾರಿ ಹಿಡಿಯುತ್ತಾರೆ. ಹೊರಡುವ ಮುನ್ನ ಮೋಡವನ್ನೊಮ್ಮೆ ನೋಡುವುದು ಕಡ್ಡಾಯ. ಒಣ ನೆಲವನ್ನು ಅಷ್ಟು ಗಟ್ಟಿಯಾಗಿ ಹಿಡಿದ ಆ ಮೆದು ರಬ್ಬರಿಗೆ ಒದ್ದೆ ರಸ್ತೆಯ ಮೇಲೆ ನೀರು ಸರಿಸಲು ಸಾಕಷ್ಟು ಗೀರೇ ಇಲ್ಲ, ಹಾಗಾಗಿ ಮಳೆ ಬಂದರೆ ಹೆದ್ದಾರಿಯ ಬಲಗಡೆಯ ಸಾಲು ಹಿಡಿದು ಲಾರಿಗಳ ಹಿಂದೆ ಸಾಗುವುದೇ ಗತಿ.