ಉಲ್ಕೆ ಅಂದ್ರೆ ಮುಗೀತಾ?

ಅಪ್ರೈಸಲ್ ಸೀಸನ್ ಬಂತು ಅಂದ್ರೆ ಯಾರದ್ದಾದರೂ 'ಮೀಟಿಯೊರಿಕ್ ರೈಸ್' ಹೊಗಳೋ ಮೇಲ್ ಬಂದೇ ಬರುತ್ತೆ. ಉಲ್ಕೆ ಯಾವತ್ತಾದ್ರೂ ಮೇಲಕ್ಕೆ ಹೋಗಿದ್ದು ನೋಡಿದೀರಾ? ಅದು ಬರೋದು ಕೆಳಕ್ಕೆ, ಅದೂ ಉರಿದು ಬೂದಿಯಾಗ್ತಾ. ಆದ್ರೆ ಈ ತಪ್ಪಿನಿಂದ ಯಾರಿಗೂ ನಷ್ಟ ಇಲ್ಲ, ಹೋಗಲಿ ಬಿಡಿ. ನನ್ನ ತಕರಾರು ಇರೋದು ನಮ್ಮ ಸುದ್ದಿ ಚಾನೆಲ್‌ಗಳ ಜೊತೆ.

ಆಗಸ್ಟ್‌ನಲ್ಲಿ ಪರ್ಸಿಡ್ ಉಲ್ಕಾವೃಷ್ಟಿ, ಡಿಸೆಂಬರ್‌ನಲ್ಲಿ ಜೆಮಿನಿಡ್. ಪ್ರತಿ ವರ್ಷ ಬರುವಂಥವು. ಪ್ರತಿ ವರ್ಷವೂ ಪರದೆಯ ಮೇಲೆ ಒಂದು ಬೆಂಕಿಯುಂಡೆ, ಕೆಳಗೆ ಗಂಡಾಂತರದ ಪ್ರಶ್ನೆ, ಪಕ್ಕದಲ್ಲೊಬ್ಬ ಜ್ಯೋತಿಷಿ. ನಿಜದಲ್ಲಿ ಆ ರಾತ್ರಿ ಕಾಣೋದು ಹೆಚ್ಚಿನಂಶ ಮರಳಿನ ಕಣದಷ್ಟಿರುವ ಧೂಳು. ಪರ್ಸಿಡ್‌ಗಳ ಧೂಳು ಸ್ವಿಫ್ಟ್-ಟಟಲ್ ಧೂಮಕೇತು ಬಿಟ್ಟುಹೋದದ್ದು. ಸೆಕೆಂಡಿಗೆ ಸುಮಾರು 59 ಕಿ.ಮೀ. ವೇಗದಲ್ಲಿ ವಾತಾವರಣಕ್ಕೆ ನುಗ್ಗಿ, ನೆಲದಿಂದ 80-100 ಕಿ.ಮೀ. ಎತ್ತರದಲ್ಲೇ ಉರಿದು ಮುಗಿಯುತ್ತೆ. ನಿಮ್ಮ ಟೆರೇಸಿಗೆ ಏನೂ ಬೀಳಲ್ಲ.

ಗೊಂದಲದಲ್ಲಿ ಪದದ ಪಾಲೂ ಇದೆ. ಇಂಗ್ಲಿಷಿನಲ್ಲಿ ಬಾಹ್ಯಾಕಾಶದಲ್ಲಿ ಅಲೆಯುವಾಗ ಅದು ಮೀಟಿಯೊರಾಯ್ಡ್, ಗಾಳಿಯಲ್ಲಿ ಉರಿಯುವ ಬೆಳಕು ಮೀಟಿಯೊರ್, ನೆಲಕ್ಕೆ ಬಿದ್ದ ಕಲ್ಲು ಮೀಟಿಯೊರೈಟ್. ನಾವು ಮೂರಕ್ಕೂ ಉಲ್ಕೆ ಅಂದುಬಿಡ್ತೀವಿ. ಸಂಸ್ಕೃತದ ಉಲ್ಕಾ ಅಂದ್ರೆ ಉರಿಯುವ ಕೊಳ್ಳಿ, ಹಾಗಾಗಿ ಬೆಳಕಿಗೆ ಅದು ಸರಿಯಾದ ಹೆಸರೇ. ಕಲ್ಲಿಗೆ ಉಲ್ಕಾಶಿಲೆ ಅನ್ನೋ ಒಳ್ಳೇ ಪದ ವಿಜ್ಞಾನದ ಪುಸ್ತಕಗಳಲ್ಲಿದೆ. ಸುದ್ದಿಮನೆಗೆ ಮಾತ್ರ ಅದರ ಗುರುತಿಲ್ಲ.

2013ರ ಫೆಬ್ರವರಿ 15ರಂದು ರಷ್ಯಾದ ಚೆಲ್ಯಾಬಿನ್‌ಸ್ಕ್‌ನಲ್ಲಿ ಸುಮಾರು 1,500 ಜನ ಗಾಯಗೊಂಡರು. ಉಲ್ಕೆ ಬಿದ್ದು ಗಾಯ ಅಂತ ಓದಿದ ನೆನಪು ನಿಮಗೂ ಇರಬಹುದು. ಕಲ್ಲು ಯಾರ ತಲೆಗೂ ಬೀಳಲಿಲ್ಲ. ಸುಮಾರು 20 ಮೀಟರ್ ಗಾತ್ರದ ಬಂಡೆ ಸುಮಾರು 30 ಕಿ.ಮೀ. ಎತ್ತರದಲ್ಲೇ ಸಿಡಿಯಿತು. ಬೆಳಕು ಕಂಡು ಜನ ಕಿಟಕಿಗೆ ಓಡಿದರು. ಆಘಾತ ತರಂಗ ಬಂದು ಮುಟ್ಟಿದ್ದು ನಿಮಿಷ ಕಳೆದ ಮೇಲೆ, ಗಾಜೆಲ್ಲ ಮುಖಕ್ಕೆ. ಅಂಥ ಬೆಳಕು ಕಂಡರೆ ಕಿಟಕಿಯಿಂದ ದೂರ ಹೋಗಿ ಅನ್ನೋದು ಇದರಲ್ಲಿದ್ದ ನಿಜವಾದ ಸುದ್ದಿ. ಅದನ್ನ ಹೇಳಿದವರು ಕಡಿಮೆ.

ಇದಕ್ಕಿಂತ ಬೇಸರದ್ದು ವೆಲ್ಲೂರು ಜಿಲ್ಲೆಯ ಪ್ರಕರಣ. 2016ರ ಫೆಬ್ರವರಿಯಲ್ಲಿ ಅಲ್ಲಿನ ಕಾಲೇಜೊಂದರ ಆವರಣದಲ್ಲಿ ಸ್ಫೋಟವಾಗಿ ಬಸ್ ಚಾಲಕರೊಬ್ಬರು ತೀರಿಕೊಂಡರು. ಇದು ಉಲ್ಕೆ ಅಂತ ತಮಿಳುನಾಡು ಸರ್ಕಾರವೇ ಹೇಳಿತು, ಕುಟುಂಬಕ್ಕೆ 1 ಲಕ್ಷ ಪರಿಹಾರ ಘೋಷಿಸಿತು. ಉಲ್ಕೆಗೆ ಬಲಿಯಾದ ಜಗತ್ತಿನ ಮೊದಲ ವ್ಯಕ್ತಿ ಅನ್ನೋ ಹೆಡ್‌ಲೈನ್ ದೇಶವಿದೇಶ ಸುತ್ತಿತು. ಕೆಲವೇ ದಿನಗಳಲ್ಲಿ ನಾಸಾ ವಿಜ್ಞಾನಿಗಳು, ಫೋಟೊ ನೋಡಿದರೆ ನೆಲದ ಮೇಲಿನ ಸ್ಫೋಟದ ಥರ ಕಾಣುತ್ತೆ ಅಂದರು.

ಅನುಮಾನ ಪಡೋಕೆ ನಾಸಾನೇ ಬೇಕಿರಲಿಲ್ಲ. ಸಣ್ಣ ಉಲ್ಕಾಶಿಲೆ ಗಾಳಿಯಲ್ಲೇ ವೇಗ ಕಳಕೊಂಡು, ಬೆಂಕಿ ಆರಿದ ಮೇಲೆ ಮಾಮೂಲಿ ಕಲ್ಲಿನ ಹಾಗೆ ಬೀಳುತ್ತೆ. ಬಾಂಬಿನಂತೆ ಸಿಡಿಯಲ್ಲ. 1954ರಲ್ಲಿ ಅಮೆರಿಕದ ಅಲಬಾಮಾದಲ್ಲಿ ಸುಮಾರು 4 ಕೆ.ಜಿ. ಕಲ್ಲೊಂದು ಚಾವಣಿ ತೂರಿ, ರೇಡಿಯೊಗೆ ಬಡಿದು, ಸೋಫಾ ಮೇಲೆ ಮಲಗಿದ್ದ ಆನ್ ಹಾಜಸ್ ಅವರಿಗೆ ತಾಗಿತು. ಸೊಂಟದ ಹತ್ತಿರ ದೊಡ್ಡದಾಗಿ ಕಪ್ಪುಗಟ್ಟಿತು, ಅಷ್ಟೇ. ಬದುಕುಳಿದರು.

ಆಕಾಶದ ಮೇಲೆ ಕೇಸ್ ಹಾಕೋಕಾಗಲ್ಲ. ಸಿಡಿಲು, ಉಲ್ಕೆ, ವಿಧಿ ಅಂತ ಬರೆದ ಕೂಡಲೇ ಸುರಕ್ಷತೆ, ತಪಾಸಣೆ, ಹೊಣೆ ಅನ್ನೋ ಪದಗಳು ಸುದ್ದಿಯಿಂದ ಜಾರಿಹೋಗ್ತವೆ. ವೆಲ್ಲೂರಿನ ಸುದ್ದಿಯಲ್ಲಿ ಜಗತ್ತಿನ ದಾಖಲೆಗೆ ಸಿಕ್ಕ ಜಾಗ, ಅವತ್ತು ನೆಲದ ಮೇಲೆ ಏನು ಸಿಡಿಯಿತು ಅನ್ನೋ ಪ್ರಶ್ನೆಗೆ ಸಿಗಲಿಲ್ಲ. ಆ ಚಾಲಕರ ಮನೆಯವರು ಕೇಳಬೇಕಾಗಿದ್ದದ್ದು ಅದೊಂದೇ ಪ್ರಶ್ನೆ.